ಕೇಳದೆ ಬಿಟ್ಟ ಏಳು ಮರಗಳು

ಕಳೆದ ಜುಲೈ ತಿಂಗಳ ಎರಡನೆಯ ಸೋಮವಾರ, ಬೆಳಗಿನ ಪೂಜೆ ಮುಗಿಸಿ, ಈ ಅಭಿನಂದನ ಗ್ರಂಥದ ಕರಡು ತಿದ್ದಲೆಂದು ನಾನು ಹಳಿಯಾಳದ ಬಸಲಿಂಗಯ್ಯನವರ ಮುದ್ರಣಾಲಯಕ್ಕೆ ಹೋಗಿದ್ದೆ. ಮೊದಲ ಹದಿನಾರು ಪುಟಗಳು ಅಚ್ಚಿಗೆ ಸಿದ್ಧವಾಗಿದ್ದವು. ಮೇ ತಿಂಗಳ ಕೊನೆಗೆ ಅರಣ್ಯ ಇಲಾಖೆಯ ಮೋಜಣಿದಾರರ ಹುದ್ದೆಯಿಂದ ನಿವೃತ್ತರಾದ ಶ್ರೀ ನಾಗಲಿಂಗಪ್ಪನವರನ್ನು ಆಗಸ್ಟಿನಲ್ಲಿ ಸನ್ಮಾನಿಸಿ, ಈ ಗ್ರಂಥವನ್ನು ಅವರ ಕೈಗಿಡಬೇಕೆಂದು ನಾವು ಕೆಲವರು ಸಂಕಲ್ಪ ಮಾಡಿದ್ದೆವು.

ಒಳಕೋಣೆಯಲ್ಲಿ ಫೋನು ಬಂತು. ಬಸಲಿಂಗಯ್ಯನವರು ಮಾತಾಡಿ ಹೊರಗೆ ಬಂದು, "ಮಾಸ್ತರ್ರ, ಸ್ವಲ್ಪ ಕುಂದರ್ರಿ" ಎಂದರು. ನಾನು ಕುಳಿತೇ ಇದ್ದೆ.

"ಸನವಳ್ಳಿಯಿಂದ ಫೋನ್ ಬಂದಿತ್ರಿ. ನಾಗಲಿಂಗಪ್ಪನವರು ಹೋದ್ರಂತ. ಮುಂಜಾನೆ ಎದ್ದು ಚಾ ಕುಡದ್ರಂತ. ಎದಿ ಒಂದೀಟು ಭಾರ ಆಗೇತಿ ಅಂತ ಹೇಳಿ ಅಡ್ಡಾದವರು ಮತ್ತ ಏಳಲಿಲ್ಲಂತ."

ಕೈಯಲ್ಲಿದ್ದ ಕರಡಿನ ಮೊದಲ ಪುಟದಲ್ಲಿ ಅವರ ಹೆಸರಿನ ಹಿಂದೆ 'ಶ್ರೀ' ಎಂದಿತ್ತು. ಬಸಲಿಂಗಯ್ಯನವರು ಅದನ್ನು ತೋರಿಸಿ ಮೆಲ್ಲಗೆ, "ಇದನ್ನ ತಗದು ಲಿಂಗೈಕ್ಯ ಅಂತ ಹಾಕಲೇನ್ರಿ?" ಎಂದು ಕೇಳಿದರು. ಇರಲಿ, ಮುಟ್ಟಬೇಡಿ ಎಂದೆ. ಮುಂದೆ ಸಮಿತಿಯವರು ಸೇರಿದಾಗಲೂ ಅದೇ ನಿರ್ಣಯವಾಯಿತು. ಗ್ರಂಥವು ಅಭಿನಂದನ ಗ್ರಂಥವಾಗಿಯೇ ಬರಲಿ. ಅವರನ್ನು ಅಭಿನಂದಿಸಲು ನಮಗಿದ್ದ ಕಾರಣಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ನಾನು ಮಾತ್ರ ಮೊದಲು ಕೊಟ್ಟಿದ್ದ ಲೇಖನವನ್ನು ಹಿಂದಕ್ಕೆ ಪಡೆದು ಇದನ್ನು ಹೊಸದಾಗಿ ಬರೆದಿದ್ದೇನೆ. ಅದರಲ್ಲಿ ಸಂಕೋಚದಿಂದ ಬಿಟ್ಟಿದ್ದ ಒಂದು ಸಂಗತಿಯನ್ನು ಈಗ ಹೇಳಬೇಕಾಗಿದೆ.

ಕಾಡಿನ ನಕ್ಷೆಯನ್ನು ಕಚೇರಿಯಲ್ಲಿ ಕುಳಿತು ಬರೆಯುವವರು ಬಹಳ ಮಂದಿ ಇದ್ದಾರೆ. ಅದನ್ನು ಕಾಡಿನಲ್ಲೇ ಬಾಳುವವರ ಕೈಯಿಂದ ಬರೆಯಿಸಬೇಕೆಂದು ಹೊರಟವರು, ನಾನು ಬಲ್ಲಂತೆ ನಮ್ಮ ಸೀಮೆಯಲ್ಲಿ, ನಾಗಲಿಂಗಪ್ಪನವರೊಬ್ಬರೇ. ಮುಂಡಗೋಡ ತಾಲೂಕಿನ ಸನವಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಮೆಟ್ರಿಕ್ ಮುಗಿಸಿ, ೧೯೭೨ರಲ್ಲಿ ಇಲಾಖೆಗೆ ಸೇರಿದ ಅವರು ಮೂವತ್ತೆರಡು ವರ್ಷ ಅಳತೆಯ ಸರಪಳಿ ಹಿಡಿದು ದಾಂಡೇಲಿ, ಹಳಿಯಾಳ, ಜೋಯಿಡಾಗಳ ಕಾಡು ಸುತ್ತಿದರು. ತಾವು ಬರೆದ ನಕ್ಷೆಗಳಲ್ಲಿ ಹಳ್ಳಕ್ಕೆ ಒಂದು ನಂಬರು, ಗುಡ್ಡಕ್ಕೆ ಒಂದು ನಂಬರು ಇರುವುದನ್ನು ಕಂಡು ಅವರಿಗೇ ಬೇಸರವಾಗುತ್ತಿತ್ತು. "ಆ ಹಳ್ಳದ ನೀರು ಕುಡಿಯೋ ಮಂದಿ ಅದಕ್ಕ ಹೆಸರಿಟ್ಟಾರ. ಅದನ್ನ ಬಿಟ್ಟು ನಾ ಯಾರ ಹಳ್ಳಾ ಬರದೆ?" ಎನ್ನುತ್ತಿದ್ದರು.

ನನಗೂ ಅವರಿಗೂ ಸ್ನೇಹ ಬೆಳೆದದ್ದು ೧೯೯೬ರಲ್ಲಿ. ಕೋಗಿಲಬನದ ಶಾಲೆಯ ಮುಖ್ಯಾಧ್ಯಾಪಕನಾಗಿದ್ದ ನಾನು ಆಗಲೇ ನಿವೃತ್ತನಾಗಿದ್ದೆ. ನನ್ನ ಮನೆಯವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಪೂಜೆ ಮುಗಿದ ಮೇಲೆ ದಿನವನ್ನು ಹೇಗೆ ಕಳೆಯಬೇಕೆಂದು ತಿಳಿಯದೆ ಜಗಲಿಯ ಮೇಲೆ ಕುಳಿತಿರುತ್ತಿದ್ದೆ. ಒಂದು ದಿನ ಅವರು ಸೈಕಲ್ಲಿನಿಂದ ಇಳಿದು, ಯೋಗಕ್ಷೇಮದ ಮಾತೊಂದನ್ನೂ ಆಡದೆ ಕೇಳಿದರು:

"ಅಡಿವೆಯ್ಯ ಮಾಸ್ತರ್ರ, ನಿಮಗ ಹಕ್ಕಿ ಬರಿಯಾಕ ಬರತೈತೇನ್ರಿ?"

"ಕಾಗಿ, ಗಿಳಿ ಬರತಾವ್ರಿ. ಹುಡುಗರಿಗೆ ಕಲಿಸಿದ್ದು ಅಷ್ಟ."

"ಸಾಕು. ಕಾಗಿಗೆ ಒಂದು ದೊಡ್ಡ ಕೊಕ್ಕು ಹಚ್ಚರಿ, ಮಂಗಟ್ಟಿ ಆಗತೈತಿ. ನಾಳೆ ಬರ್ರಿ, ಭೈರಮಾಳಕ್ಕ ಹೋಗೂಣು."

ನನ್ನ ಚಿತ್ರಕಲೆ ಅವರಿಗೆ ಅನಿವಾರ್ಯವೇನೂ ಆಗಿರಲಿಲ್ಲ, ಕಚೇರಿಯಲ್ಲಿ ನನಗಿಂತ ಚೆನ್ನಾಗಿ ಬರೆಯುವವರಿದ್ದರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಂದು ಅವರು ಬಂದದ್ದು ನನ್ನನ್ನು ಆ ಜಗಲಿಯಿಂದ ಎಬ್ಬಿಸಲಿಕ್ಕೆ. ಅವರು ಮಾಡಿದ ಉಪಕಾರಗಳೆಲ್ಲ ಹೀಗೆ ಬೇರೆ ಏನೋ ಕೆಲಸದ ವೇಷ ಹಾಕಿಕೊಂಡೇ ಬರುತ್ತಿದ್ದವು.

ಭೈರಮಾಳವೆಂಬುದು ಕೋಗಿಲಬನದ ಆಚೆ, ಕಾಳಿ ನದಿಯನ್ನು ಬಿಟ್ಟು ಎರಡು ತಾಸು ನಡೆದರೆ ಸಿಗುವ ಗೌಳಿಗರ ದಡ್ಡಿ. ಎಮ್ಮೆ ಸಾಕಿಕೊಂಡು ಕಾಡಿನಲ್ಲಿ ಬಾಳುವ ಗೌಳಿ ಜನರ ಬೀಡಿಗೆ ನಮ್ಮ ಕಡೆ ದಡ್ಡಿ ಎನ್ನುತ್ತಾರೆ. ಅಲ್ಲಿ ಏಳು ಮನೆಗಳಿದ್ದವು. ದಡ್ಡಿಯ ಹಿಂದೆ ದೊಡ್ಡದೊಂದು ಇಳಿಜಾರು. ಅದರ ತುಂಬ ಒಳಗೆ ಪೊಳ್ಳಾದ ಹಳೆಯ ಮರಗಳು. ಆ ಪೊಟರೆಗಳಲ್ಲಿ ಮಂಗಟ್ಟೆ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಹೆಣ್ಣು ಹಕ್ಕಿ ಒಳಗೆ ಸೇರಿ, ಕೊಕ್ಕು ಹೊರಚಾಚುವಷ್ಟು ಸಂದು ಉಳಿಸಿ ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಮರಿ ದೊಡ್ಡದಾಗುವ ತನಕ ಗಂಡು ಹಕ್ಕಿ ಹಣ್ಣು ತಂದು ಉಣಿಸುತ್ತದೆ. ಇದನ್ನೆಲ್ಲ ನಾಗಲಿಂಗಪ್ಪನವರು ಪುಸ್ತಕ ಓದಿ ಕಲಿತದ್ದಲ್ಲ. ದಡ್ಡಿಯ ಹಿರಿಯಳಾದ ಜಾನಕಿಬಾಯಿಯ ಬಾಯಿಂದ ಕೇಳಿ ಬರೆದುಕೊಂಡದ್ದು.

ಅವರ ಕೆಲಸದ ರೀತಿ ಇದು. ದಡ್ಡಿಯಲ್ಲಿ ಓದು ಬಲ್ಲವರಿರಲಿಲ್ಲ. ಆದ್ದರಿಂದ ಮನೆಗೊಂದು ಹಾಳೆಯಲ್ಲಿ ನಾನು ಹಕ್ಕಿ, ಮರ, ನೀರು, ಕಲ್ಲುಬಂಡೆ ಇವುಗಳ ಚಿತ್ರ ಬರೆದುಕೊಟ್ಟೆ. ಎಮ್ಮೆ ಮೇಯಿಸಲು ಹೋದವರು ಗೂಡು ಕಂಡರೆ ಹಕ್ಕಿಯ ಸಾಲಿನಲ್ಲಿ, ಒರತೆ ಕಂಡರೆ ನೀರಿನ ಸಾಲಿನಲ್ಲಿ ಇದ್ದಿಲಿನಿಂದ ಗೆರೆ ಎಳೆಯಬೇಕು. ದೂರವನ್ನು ಅವರು ಎಮ್ಮೆಯ ಕೊರಳ ಗಂಟೆಯಿಂದ ಹೇಳುತ್ತಿದ್ದರು. ಒಂದು ಗಂಟೆ ದೂರವೆಂದರೆ ಗಂಟೆಯ ಸದ್ದು ಕೇಳಿಸುವಷ್ಟು ದೂರ. ಬೇರೆಯವರಾದರೆ ನಗುತ್ತಿದ್ದರು. ನಾಗಲಿಂಗಪ್ಪನವರು ನಾಲ್ಕು ದಿನ ಸರಪಳಿ ಹಿಡಿದು, ಏರಿನಲ್ಲಿ ಒಂದು ಗಂಟೆ ಎಷ್ಟು, ಇಳಿಜಾರಿನಲ್ಲಿ ಎಷ್ಟು, ಬಿದಿರ ಮೆಳೆಯ ನಡುವೆ ಎಷ್ಟು ಎಂದು ಅಳೆದು ಪಟ್ಟಿ ಮಾಡಿಕೊಂಡರು. ನಕ್ಷೆಯ ಮೂಲೆಯಲ್ಲಿ ಸಾಮಾನ್ಯವಾಗಿ ಮೋಜಣಿದಾರನ ಹೆಸರಿರುತ್ತದೆ. ಅವರು ಅಲ್ಲಿ ಜಾನಕಿಬಾಯಿಯಿಂದ ಆರಂಭಿಸಿ ಏಳು ಮನೆಯವರ ಹೆಸರು ಬರೆದು, ಕೊನೆಗೆ ಸಣ್ಣ ಅಕ್ಷರದಲ್ಲಿ ತಮ್ಮದನ್ನು ಬರೆದರು.

೧೯೯೮ರ ಬೇಸಿಗೆಯಲ್ಲಿ ಪರೀಕ್ಷೆಯ ಕಾಲ ಬಂತು. ಆ ಇಳಿಜಾರಿನ ಪೊಳ್ಳು ಮರಗಳನ್ನು ಕಡಿದು ಸಾಗವಾನಿ ನೆಡುವ ಪ್ರಸ್ತಾವವೊಂದು ಸಿದ್ಧವಾಗಿತ್ತು. ಮೇಲಿನ ಅಧಿಕಾರಿಯೊಬ್ಬರು ನಾಗಲಿಂಗಪ್ಪನವರ ಕೆಲಸದ ಸುದ್ದಿ ಕೇಳಿ, ಇಪ್ಪತ್ತೈದು ಗೂಡುಮರಗಳಾದರೂ ನಕ್ಷೆಯಲ್ಲಿ ಗುರುತಾಗಿ ಬಂದರೆ ಇಡೀ ಇಳಿಜಾರನ್ನು ಕಡಿತದಿಂದ ಕೈಬಿಡಬಹುದೆಂದು ಪತ್ರ ಬರೆದರು. ಕಡಿಮೆ ಬಂದರೆ ಮೇಲಿನ ಕಡಿದಾದ ಭಾಗ ಮಾತ್ರ ಉಳಿಯುವುದು, ಕೆಳಗಿನದು ಹೋಗುವುದು.

ಏಳು ಮನೆಗಳ ಹಾಳೆಗಳನ್ನು ಕೂಡಿಸಿದಾಗ ಹದಿನೆಂಟಾಯಿತು. ನಾಗಲಿಂಗಪ್ಪನವರು ಹದಿನೆಂಟೂ ಮರಗಳ ಬುಡಕ್ಕೆ ಹೋಗಿ ಕಣ್ಣಾರೆ ನೋಡಿ ಬಂದರು. ಒಂದೂ ತಪ್ಪಿರಲಿಲ್ಲ. ಆದರೆ ನೀರಿನ ಸಾಲನ್ನು ನೋಡುವಾಗ ಅವರಿಗೊಂದು ಸಂಶಯ ಬಂತು. ಜಾನಕಿಬಾಯಿಯ ಹಾಳೆಯಲ್ಲಿ ನಾಲ್ಕು ಒರತೆಗಳಿದ್ದವು. ಅವಳ ಗುಡಿಸಲಿನ ಹಿಂದೆಯೇ ಇದ್ದ, ಅವರೂ ನಾನೂ ಎರಡು ವರ್ಷ ನೀರು ಕುಡಿದ ಒರತೆ ಅದರಲ್ಲಿರಲಿಲ್ಲ.

"ಇದನ್ನ ಮರತ್ರೇನವಾ?" ಎಂದು ಕೇಳಿದರು.

"ಮರಿಯೂದು ಹೆಂಗ್ರಿ? ದಿನಾ ಕುಡೀತೇವಿ" ಎಂದಳು ಜಾನಕಿಬಾಯಿ. "ಅದನ್ನ ದೇವರಿಗೆ ಬಿಟ್ಟೇವ್ರಿ. ಎಲ್ಲಾನೂ ಎಣಸಬಾರದ್ರಿ ಸಾಹೇಬ್ರ. ಎಮ್ಮಿ ಎಣಿಸಿದ್ರೂ ಒಂದು ಬಿಡತೇವಿ. ಪೂರಾ ಎಣಿಸಿದ್ರ ಪೂರಾ ನಮ್ಮದು ಅಂದಂಗಾತು. ದೇವರಿಗೇನು ಉಳೀತು?"

"ಹಂಗಾರ ಗೂಡು?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಮಾಸ್ತರ್ರು ಅಷ್ಟು ಚೆಂದ ಹಕ್ಕಿ ಬರದು ಕೊಟ್ಟಾರ, ಸುಳ್ಳು ಗೆರಿ ಹಾಕೇವೇನ್ರಿ? ಕಂಡಿದ್ದು ಹಾಕೇವಿ. ಮನಿಗೊಂದು ಬಿಟ್ಟೇವಿ, ಅಷ್ಟ."

ಏಳು ಮನೆ, ಮನೆಗೊಂದರಂತೆ ಏಳು ಗೂಡು. ಹದಿನೆಂಟಕ್ಕೆ ಏಳು ಸೇರಿದರೆ ಸರಿಯಾಗಿ ಇಪ್ಪತ್ತೈದು. ಆ ದಡ್ಡಿಯ ಪದ್ಧತಿಯಲ್ಲಿ ದೇವರಿಗೆ ಬಿಟ್ಟದ್ದನ್ನು ಬೆರಳಿಟ್ಟು ತೋರಿಸುವಂತಿಲ್ಲ, ಎಲ್ಲಿದೆಯೆಂದು ಬಾಯಿಬಿಟ್ಟು ಹೇಳುವಂತಿಲ್ಲ. ತೋರಿಸಿದರೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಂತೆ. ಇತ್ತ ಪತ್ರದಲ್ಲಿ ನಕ್ಷೆಯ ಮೇಲೆ ಗುರುತು ಬೇಕೆಂದಿತ್ತು. ನಾಗಲಿಂಗಪ್ಪನವರು ಅವಳಿಗೆ ಪತ್ರದ ವಿಷಯವನ್ನು ಮುಚ್ಚಿಡದೆ ತಿಳಿಸಿದರು.

ಮರುದಿನ ಅವಳು ಎಮ್ಮೆ ಹೊಡೆದುಕೊಂಡು ಬಂದು, "ಬರ್ರಿ ಸಾಹೇಬ್ರ, ನನ್ನ ಎಮ್ಮಿ ಎಲ್ಲಿ ಕುಂದರತಾವ ನೋಡೂಣು" ಎಂದಳು. ನಾವಿಬ್ಬರೂ ಹಿಂದೆ ಹೊರಟೆವು. ಸ್ವಲ್ಪ ದೂರ ಹೋದಮೇಲೆ ನಾಗಲಿಂಗಪ್ಪನವರಿಗೆ ಅರ್ಥವಾಯಿತು. ಅವಳು ತೋರಿಸುವವಳಲ್ಲ, ಎಮ್ಮೆ ಒಂದು ಮರದ ಕೆಳಗೆ ಕೂರುವುದು, ಇವರು ತಲೆಯೆತ್ತಿ ನೋಡುವರು. ಹಳ್ಳದ ಈಚೆ ದಡದಲ್ಲಿಯೇ ಅವರು ನಿಂತುಬಿಟ್ಟರು.

"ಜಾನಕಿಬಾಯಿ, ನಾ ಇಲ್ಲಿಂದ ಮುಂದ ಬರೂದಿಲ್ಲ."

"ನಾ ಏನು ತೋರಿಸಾಕತ್ತೇನ್ರಿ? ಎಮ್ಮಿ ಹೋಗತಾವ, ನಾ ಹೋಗತೇನಿ."

"ಎಮ್ಮಿಗೆ ಪಾಪ ಇಲ್ಲ. ನಿನಗ ಇರತೈತಿ. ನಮ್ಮ ಕಾಗದದ ಸಲುವಾಗಿ ನಿನ್ನ ದೇವರ ಮುಂದ ನೀನು ತಲಿ ತಗ್ಗಸಬ್ಯಾಡ."

ಅವಳು ಹಳ್ಳ ದಾಟಿ ಹೋದಳು. ನಾವು ಹಿಂದಿರುಗಿದೆವು. ಆಕೆ ಹಳ್ಳದ ಆಚೆ ಮೇಲಕ್ಕೆ ತಿರುಗಿದಳೋ ಕೆಳಕ್ಕೆ ತಿರುಗಿದಳೋ ನೋಡಬಾರದೆಂದು ನಾಗಲಿಂಗಪ್ಪನವರು ನನ್ನ ಭುಜ ಹಿಡಿದು ಬೆನ್ನು ತಿರುಗಿಸಿ ನಡೆಸಿದರು.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ನಕ್ಷೆಯ ಶುದ್ಧಪ್ರತಿ ಬರೆಯುವ ಕೆಲಸ ನನ್ನದಾಗಿತ್ತು. ಏಳು ಗೂಡುಗಳು ಇರುವುದಂತೂ ಸತ್ಯವಷ್ಟೆ, ಸ್ಥಳ ಮಾತ್ರ ತಿಳಿಯದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಕೆಳಗಿನ ಇಳಿಜಾರಿನಲ್ಲಿ ನನಗೆ ತೋಚಿದ ಕಡೆ ಏಳು ಹಕ್ಕಿಗಳನ್ನು ಬರೆದು ಇಪ್ಪತ್ತೈದು ಮಾಡಿದೆ. ದಿನವೂ ಲಿಂಗಪೂಜೆ ಮಾಡುವ ಕೈ ಅದು. ನಾಗಲಿಂಗಪ್ಪನವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಿಟ್ಟು ಮಾಡಲಿಲ್ಲ.

"ಚೆಂದ ಬಂದಾವ್ರಿ ಹಕ್ಕಿ," ಎಂದರು. "ಆದ್ರ ಇವು ನಿಮ್ಮ ಮನ್ಯಾಗಿನ ಹಕ್ಕಿ. ಕಾಡಿನವಲ್ಲ."

"ಗೂಡು ಅದಾವಲ್ಲರಿ. ಕಾಡು ಉಳೀತೈತಿ. ಯಾರು ಬಂದು ಎಣಸತಾರ?"

"ಯಾರೂ ಬರಾಕಿಲ್ಲ. ಅದಕ್ಕ ಹೇಳತೇನಿ. ಗೆರಿ ಇದ್ದಲ್ಲಿ ಗಿಡ ಇರಬೇಕು ಮಾಸ್ತರ್ರ. ಇಲ್ಲಂದ್ರ ಜಾನಕಿಬಾಯಿ ಮಂದಿ ಹಾಕಿದ ಹದಿನೆಂಟು ಗೆರಿನೂ ಸುಳ್ಳಾಗತಾವ. ಆಕಿ ಹೆಸರು ಕೆಳಗ ಐತಿ."

ಅವರು ಆ ಹಾಳೆಯನ್ನು ಹರಿದರು. ಹೊಸ ಹಾಳೆಯಲ್ಲಿ ಹದಿನೆಂಟು ಗುರುತು ಹಾಕಿ, ಷರಾ ಬರೆಯುವ ಜಾಗದಲ್ಲಿ ಹೀಗೆ ಬರೆದರು: 'ಇವಲ್ಲದೆ ಜನರು ದೇವರಿಗೆಂದು ಬಿಟ್ಟ ಗೂಡುಗಳು ಮನೆಗೊಂದರಂತೆ ಇವೆ. ಅವು ಎಲ್ಲಿವೆಯೆಂದು ನಾನು ಕೇಳಿಲ್ಲ. ಆದಕಾರಣ ಗುರುತಿಸಿಲ್ಲ.' ಕಚೇರಿಯಲ್ಲಿ ಇದನ್ನು ಓದಿ ಕೆಲವರು ನಕ್ಕರೆಂದು ಕೇಳಿದೆ. ಕೇಳಿಯೂ ತಿಳಿಯದಿದ್ದರೆ ಅದು ಬೇರೆ, ಕೇಳಲೇ ಇಲ್ಲವೆಂದು ಬರೆದುಕೊಡುವ ಮೋಜಣಿದಾರ ಇವನೊಬ್ಬನೇ ಎಂದು ಅವರ ಮಾತು.

ಮೇಲಿನ ಭಾಗ ಉಳಿಯಿತು. ಕೆಳಗಿನದು ೧೯೯೯ರ ಮಳೆಗಾಲ ಕಳೆದ ಮೇಲೆ ಕಡಿತಕ್ಕೆ ಹೋಯಿತು. ಹದಿನೆಂಟರಲ್ಲಿ ಐದು ಮರಗಳು ಆ ಭಾಗದಲ್ಲಿದ್ದವು. ನಾಗಲಿಂಗಪ್ಪನವರು ರಜೆ ಹಾಕಿ, ಒಂಬತ್ತು ದಿನ ಕಡಿತದವರ ಜೊತೆಗಿದ್ದು, ಆ ಐದಕ್ಕೂ ಸುಣ್ಣದ ಪಟ್ಟಿ ಬಳಿಸಿ ಉಳಿಸಿದರು. ಗುರುತಿಲ್ಲದ ಒಂದೊಂದು ಪೊಳ್ಳು ಮರ ಬಿದ್ದಾಗಲೂ ಹತ್ತಿರ ಹೋಗಿ ಪೊಟರೆಯೊಳಗೆ ಕೈಯಿಟ್ಟು ನೋಡುತ್ತಿದ್ದರು. ಅದು ಗೂಡಿನ ಕಾಲವಲ್ಲ, ಹಕ್ಕಿ ಇರಲಾರದು. ಒಣಗಿದ ಬೀಜಗಳು ಸಿಕ್ಕಿದರೆ ಮುಷ್ಟಿಯಲ್ಲಿ ಹಿಡಿದು, ಅವು ಮಂಗಟ್ಟೆ ತಂದವೋ ಅಳಿಲು ತಂದವೋ ಎಂದು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? ಸಾಗವಾನಿಯ ನಡುವೆ ಒಂಟಿಯಾಗಿ ನಿಂತ ಆ ಐದು ಮರಗಳಿಗೆ ಮರುವರ್ಷ ಹಕ್ಕಿ ಬರಲಿಲ್ಲ.

ಅವರ ಸೇವೆಯ ಕೊನೆಯ ನಾಲ್ಕು ವರ್ಷಗಳೇ ಅವರ ಸಾಧನೆಯ ವರ್ಷಗಳು. ಭೈರಮಾಳದ ಸುದ್ದಿ ಕಾಡಿನೊಳಗೆ ಹೇಗೋ ಹಬ್ಬಿತು. ಅದುವರೆಗೆ ಇಲಾಖೆಯವರನ್ನು ಕಂಡರೆ ಕದ ಹಾಕಿಕೊಳ್ಳುತ್ತಿದ್ದ ಜೋಯಿಡಾ ಕಡೆಯ ಕುಣಬಿ ಜನರು ತಾವಾಗಿ ಆಳು ಕಳಿಸಿ ಅವರನ್ನು ಕರೆಸಿಕೊಂಡರು. ಒಂದು ಊರಿನ ಹಿರಿಯ ನನಗೆ ಹರಕು ಕನ್ನಡದಲ್ಲಿ, "ತುಮ್ಚೇ, ನಿಮ್ಮ ಸಾಹೇಬ ಕೇಳೂದಿಲ್ಲಂತ. ಅದಕ್ಕ ನಾವು ಹೇಳತಾವು" ಎಂದು ಹೇಳಿದ. ೨೦೦೩ರ ಹೊತ್ತಿಗೆ ಹನ್ನೊಂದು ಊರುಗಳ ನಕ್ಷೆಗಳು ಸಿದ್ಧವಾಗಿದ್ದವು. ಗೂಡುಮರ, ಜೇನುಮರ, ಒರತೆ, ಪ್ರಾಣಿಗಳ ಹಾದಿ ಎಲ್ಲವನ್ನೂ ಆ ಊರವರೇ ನಡೆದು, ವರ್ಷ ವರ್ಷವೂ ತಿದ್ದಿ ಬರೆದಿದ್ದರು. ಮತ್ತೊಂದು ಕಡಿತದ ಪ್ರಸ್ತಾವ ಬಂದಾಗ ಅಧಿಕಾರಿಗಳು ಆ ನಕ್ಷೆಗಳನ್ನು ಹಿಡಿದು ಪರೀಕ್ಷೆಗೆ ಹೋದರು. ಗುರುತು ಇದ್ದ ಕಡೆಯೆಲ್ಲ ಮರ ಇತ್ತು. ಎರಡು ಕಣಿವೆಗಳು ಆ ಒಂದು ಕಾರಣದಿಂದ ಉಳಿದವು.

ಇಷ್ಟಾದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಆ ಏಳು ಗೂಡುಗಳಲ್ಲಿ ಕೆಳಗಿನ ಭಾಗದಲ್ಲಿ ಎಷ್ಟಿದ್ದವು? ಗುರುತಿಲ್ಲದ ಕಾರಣ ಕೊಡಲಿ ಬಿದ್ದವು ಎಷ್ಟು? ಹಳಿಯಾಳದಲ್ಲಿ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಮ್ಮೆ ತುತ್ತು ಕೈಯಲ್ಲಿ ಹಿಡಿದು, "ಮಾಸ್ತರ್ರ, ಆಕಿ ದೇವರಿಗೆ ಬಿಟ್ಟಿದ್ದನ್ನ ನಾ ಕಡಿಸಿದ್ನೇನೊ" ಎಂದರು. ಅವರ ಮನೆಯವರಾದ ನೀಲಕ್ಕನವರು, "ಹೋಗಿ ಒಂದು ಮಾತು ಕೇಳಿ ಬರ್ರಲ್ಲ, ವರ್ಷಗಟ್ಟಲೆ ಇದನ್ನ ಉಣ್ಣಾಕತ್ತೀರಿ" ಎಂದು ಗದರಿದರು. ಅವರು ಕೇಳಲಿಲ್ಲ. ಕೇಳಿಲ್ಲವೆಂದು ಬರೆದುಕೊಟ್ಟವರು ಅವರು. ನಾನೂ ಕೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಕೆಳಗಿನ ಸಾಗವಾನಿ ಕಣ್ಣಿಗೆ ಬೀಳುತ್ತದೆಂದು ಭೈರಮಾಳಕ್ಕೆ ಹೋಗುವುದನ್ನೇ ಕ್ರಮೇಣ ಬಿಟ್ಟರು.

ಸನವಳ್ಳಿಯ ಅವರ ಹೊಲದಲ್ಲಿ ಮಂಗಳವಾರ ಮಧ್ಯಾಹ್ನ ಸಮಾಧಿಕ್ರಿಯೆ ನಡೆಯಿತು. ಜಾನಕಿಬಾಯಿ ಮೂರು ಬಸ್ಸು ಬದಲಿಸಿ ಬಂದಿದ್ದಳು. ಆಕೆಗೀಗ ಕಣ್ಣು ಮಂದವಾಗಿದೆ. ಮಣ್ಣು ಕೊಟ್ಟು ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು ಕುಳಿತಳು.

"ಸಾಹೇಬ್ರು ನಮ್ಮ ಕಡೆ ಬರೂದು ಬಿಟ್ಟಿದ್ರಲ್ಲರಿ ಮಾಸ್ತರ್ರ. ನಮ್ಮಿಂದ ಏನರ ತಪ್ಪಾಗಿತ್ತೇನು?"

ಮಾತು ಪಡೆದವರು ಮಣ್ಣಿನಲ್ಲಿದ್ದರು. ನಾನು ಇದ್ದದ್ದನ್ನು ಹೇಳಿದೆ. ಅವಳು ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯ ಶಿವನ, ಇದನ್ನ ಮನಸಿನ್ಯಾಗ ಇಟಗೊಂಡಿದ್ರ? ಕೆಳಗ ದೇವರದು ಒಂದೂ ಇದ್ದಿಲ್ಲರಿ. ದೇವರಿಗೆ ಬಿಡೂದನ್ನ ಕಾಲ್ದಾರಿ ಹತ್ತರ ಬಿಡತಾರೇನ್ರಿ? ಮ್ಯಾಲಿನ ಗುಡ್ಡದಾಗ ಬಿಟ್ಟೇವಿ, ಏಳೂ ಮನಿಯವರು. ಈ ವರ್ಷನೂ ಹಕ್ಕಿ ಕುಂತಾವ. ಮೊನ್ನೆ ಮೊನ್ನೆ ಮರಿ ಹಾರಿದ್ವು."

"ಅವರು ಕೇಳಿದ್ರ ಹೇಳತಿದ್ದೇನವಾ?"

"ಹೇಳತಿದ್ದಿಲ್ಲರಿ. ಬದುಕಿದವರಿಗೆ ಹೆಂಗ ಹೇಳಲಿ? ಈಗ ಹೇಳಿದ್ದು ನಿಮಗಲ್ಲರಿ, ಮಣ್ಣಾಗ ಮಲಗಿದವರಿಗೆ. ಆದ್ರ, ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಅಂತಿದ್ದೆ. ಅವರಿಗೆ ಅಷ್ಟರಾಗ ತಿಳೀತಿತ್ತು."

ಆ ಒಂದು ಮಾತು ಅವರ ಕಿವಿಗೆ ಬೀಳಲಿಲ್ಲ. ಐದು ವರ್ಷಗಳಲ್ಲಿ ನಾನು ಒಂದು ಸಲ ದಡ್ಡಿಗೆ ಹೋಗಿ, ಮರಗಳನ್ನು ಕೇಳದೆಯೇ, ನಮ್ಮ ಸಾಹೇಬರು ಹೀಗೆ ಕೊರಗುತ್ತಿದ್ದಾರೆಂದಷ್ಟೇ ಹೇಳಿದ್ದರೂ ಸಾಕಾಗಿತ್ತು. ಕೊಟ್ಟ ಮಾತಿಗೆ ಭಂಗ ಬರುತ್ತಿರಲಿಲ್ಲ. ಅದು ನನಗೆ ತೋಚಲಿಲ್ಲ. ಈ ಎಪ್ಪತ್ತರ ವಯಸ್ಸಿನಲ್ಲಿ ದಿನವೂ ಪೂಜೆಗೆ ಕುಳಿತಾಗ ಇದೇ ನೆನಪಾಗುತ್ತದೆ.

ಸತ್ಯವನ್ನು ಬರೆದು ಅದರ ಭಾರವನ್ನೂ ತಾವೇ ಹೊತ್ತ ಈ ಹಿರಿಯರನ್ನು ಅಭಿನಂದಿಸಲು ನನಗೆ ಬೇರೆ ಮಾತು ತಿಳಿಯದು. ನೀಲಕ್ಕನವರಿಗೆ ಶಿವನು ಧೈರ್ಯ ಕೊಡಲಿ. ಹನ್ನೊಂದು ಊರುಗಳ ಜನ ಕೈಗೆತ್ತಿಕೊಂಡ ಕೆಲಸವನ್ನು ಬಿಡದೆ ನಡೆಸಲಿ. ತಂದೆ ಪರಶಿವನೇ, ನಿನ್ನಲ್ಲಿಗೆ ಬಂದಿರುವ ನಾಗಲಿಂಗಪ್ಪನವರು ಈ ಲೋಕದಲ್ಲಿ ಯಾರನ್ನೂ ಕೇಳದೆ ಹೋದದ್ದನ್ನು ನಿನ್ನನ್ನು ಕೇಳಿಯಾರು. ಅವರಿಗೆ ಉತ್ತರ ಕೊಡು. ಆ ಜೀವ ಚಿಂತೆಯಿಲ್ಲದೆ ನಿನ್ನ ಪಾದದಲ್ಲಿ ವಿಶ್ರಮಿಸಲಿ, ಶಾಂತಿಯಿಂದಿರಲಿ.